ಮಾವನವರ ಪೆಟ್ಟಿಗೆಗೆ ಮೂರು ಕೈ ಬಣ್ಣ

ನಮ್ಮಣ್ಣನಿಗೆ ಮದುವೆಯಾಗಿಲ್ಲ, ಆದರೂ ಮನೆಯಲ್ಲಿ ಮಾವನವರಿದ್ದಾರೆ. ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಆ ಹೆಸರಿಟ್ಟವಳೇ ನಾನು.

ಮಾವನವರೆಂದರೆ ಒಂದು ಹಳೆಯ ಮೈಕು. ಗೇಣುದ್ದ ಇದೆ, ಹಾಲಿನ ಲೋಟದಷ್ಟು ದಪ್ಪ, ತಲೆಗೆ ಬೆಳ್ಳಿ ಬಣ್ಣದ ಜಾಲರಿ. ಹಿಂದಿನ ಕಾಲದ ರೇಡಿಯೋಗಳಲ್ಲಿ ಗಾಜಿನ ವಾಲ್ವ್ ಇರುತ್ತಿತ್ತಲ್ಲ, ಅಂಥದ್ದೇ ಒಂದು ಪುಟ್ಟ ವಾಲ್ವ್ ಇದರ ಹೊಟ್ಟೆಯಲ್ಲೂ ಇದೆ. ಅದು ಬೆಚ್ಚಗಾಗಲು ಅರ್ಧ ಗಂಟೆ ಬೇಕು. ಅಲ್ಲಿಯವರೆಗೆ ಅವರ ಮುಂದೆ ಯಾರೂ ಬಾಯಿ ತೆರೆಯುವಂತಿಲ್ಲ, ಕೆಮ್ಮುವಂತಿಲ್ಲ, ಊದಿ ನೋಡುವುದಂತೂ ದೂರದ ಮಾತು. ಥಂಡಿ ಆಗದು, ಧೂಳು ಆಗದು. ಕೆಲಸ ಮುಗಿದೊಡನೆ ಮೆತ್ತನೆಯ ಚೀಲ ತೊಡಿಸಿ ಮಲಗಿಸಬೇಕು. ಆ ಚೀಲ ಹೊಲಿದವಳೂ ನಾನೇ. ಇವರಿಗೆ ಕರೆಂಟು ಕೊಡಲು ಒಂದು ಪ್ರತ್ಯೇಕ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯಿಂದ ಮೈಕಿಗೆ ಹೆಬ್ಬೆರಳು ಗಾತ್ರದ ಕೇಬಲ್ಲು. ಇಷ್ಟು ಉಪಚಾರ ಮಾಡಿಸಿಕೊಳ್ಳುವವರು ಮಾವನವರಲ್ಲದೆ ಇನ್ಯಾರು ಎಂದು ಒಂದು ದಿನ ಸಿಟ್ಟಿನಲ್ಲಿ ಅಂದುಬಿಟ್ಟೆ. ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. ಮಾರನೆಯ ದಿನದಿಂದ ಅವನೂ ಬಂದವರಿಗೆ, "ಮಾವನವ್ರು ಇನ್ನೂ ಬೆಚ್ಚಗಾಗಿಲ್ಲ, ಸ್ವಲ್ಪ ಕೂತ್ಕೊಳ್ಳಿ," ಎನ್ನತೊಡಗಿದ.

ಅಣ್ಣ ಮೀಸೆ ಮೂಡುವ ವಯಸ್ಸಿಗೇ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಕೆಟ್ಟದ್ದನ್ನು ಎಸೆದು ಹೊಸದು ತರುವ ಕಾಲ ಬಂದಾಗ ಅಂಗಡಿ ಮುಚ್ಚಿ, ಮನೆಯ ಹಿಂದಿನ ಕೋಣೆಯನ್ನು ರೆಕಾರ್ಡಿಂಗ್ ಕೋಣೆ ಮಾಡಿಕೊಂಡ. ನನ್ನವರು ತೀರಿಕೊಂಡ ಮೇಲೆ ನಾನೂ ಹೊಲಿಗೆ ಮಿಷನ್ನಿನ ಸಮೇತ ಇಲ್ಲಿಗೇ ಬಂದೆ. ಮುಂದಿನ ಕೋಣೆ ನನ್ನದು, ಹಿಂದಿನದು ಅವನದು, ನಡುವೆ ಅಡುಗೆಮನೆ. ಅವನ ಗೋಡೆಗಳಿಗೆ ಹತ್ತಿ ತುಂಬಿದ ದಪ್ಪ ಪರದೆಗಳನ್ನು ಹೊಲಿದು ತೂಗುಹಾಕಿದೆ. ಅದೇ ವರ್ಷ, ಮುಚ್ಚಿಹೋದ ಯಾವುದೋ ಸ್ಟುಡಿಯೋದ ಹಳೇ ಸಾಮಾನಿನ ರಾಶಿಯಲ್ಲಿ ಮಾವನವರು ಅವನ ಕಣ್ಣಿಗೆ ಬಿದ್ದರು. ಆಗ ಅವರು ಮೂಕರು. ಎರಡು ವರ್ಷ ಅವರ ಹೊಟ್ಟೆ ಬಿಚ್ಚುವುದು, ಮುಚ್ಚುವುದು ಮಾಡಿ, ಕೊನೆಗೊಂದು ಭಾನುವಾರ ಮಾತಾಡಿಸಿದ. ನನ್ನನ್ನು ಮುಂದೆ ಕೂರಿಸಿ ಏನಾದರೂ ಹೇಳು ಎಂದ. ನನಗೆ ಏನು ಹೊಳೆಯಬೇಕು? "ಊಟಕ್ಕೆ ಬಾ, ಆರಿಹೋಗ್ತಿದೆ," ಎಂದೆ. ಅದನ್ನೇ ಹತ್ತು ಸಲ ಹಾಕಿಕೊಂಡು ಕೇಳಿದ. ಊಟ ಆರಿಯೇ ಹೋಯಿತು.

ಇಬ್ಬರೂ ಐವತ್ತು ದಾಟಿದ್ದೇವೆ, ಸುಖವಾಗಿಯೇ ಇದ್ದೇವೆ. ಅವನ ಬಾಯಲ್ಲಿ ದಿನಕ್ಕೆ ಹತ್ತು ಮಾತು ಬಂದರೆ ಹೆಚ್ಚು, ಉಳಿದದ್ದನ್ನು ನಾನು ಆಡುತ್ತೇನೆ. ಮೂರು ಮನೆ ಆಚೆಗೆ ನಲ್ಲಿ ತೊಟ್ಟಿಕ್ಕಿದರೆ ಅವನಿಗೆ ಕೇಳುತ್ತದೆ. ನಾನು ಕರೆದರೆ ಮಾತ್ರ ಕೇಳುವುದಿಲ್ಲ. ನಮ್ಮಲ್ಲಿ ಜಗಳಕ್ಕೆ ಇದ್ದದ್ದು ಒಂದೇ ವಿಷಯ, ನನ್ನ ಮಿಷನ್ನಿನ ಮೋಟಾರು. ರೆಕಾರ್ಡಿಂಗಿನಲ್ಲಿ ಕರ್ ಅಂದರೂ ಅದೇ, ಗುಂಯ್ ಅಂದರೂ ಅದೇ, ಚಿಟಿಕೆ ಹೊಡೆದಂತೆ ಕೇಳಿದರೂ ಅದೇ. ಪರದೆ ಸರಿಸಿ ತಲೆ ಹೊರಹಾಕಿ, "ನಿನ್ ಮಿಷನ್ ನಿಲ್ಲಿಸ್ತೀಯಾ?" ಎಂದು ಕೇಳುತ್ತಾನೆ. ಎಷ್ಟೋ ಸಲ ನಾನು ಮಿಷನ್ ಮುಟ್ಟಿಯೇ ಇರುವುದಿಲ್ಲ, ಸುಮ್ಮನೆ ಕೂತು ಕೈಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿರುತ್ತೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಎಮ್ಮೆ ನಾನಾಗಿದ್ದೆ.

ಇಂಥ ಮನೆಗೆ ಬಸ್‌ಸ್ಟ್ಯಾಂಡ್ ಅಕ್ಕ ಬಂದರು.

ಅವರು ಯಾರೆಂದು ನಮ್ಮಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದುಹೋಗಿದೆ, ಯಾರ ಚೀಲ ಸಿಕ್ಕಿದೆ ಎಂದು ಮೂವತ್ತೊಂದು ವರ್ಷ ಹೇಳಿದ ದನಿ ಅವರದು. ದನಿ ಗೊತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ. ಗಂಟಲಿಗೆ ಮಫ್ಲರ್ ಸುತ್ತಿಕೊಂಡು, ಏಳು ತಿಂಗಳ ಬಸುರಿ ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ಮೊದಲ ಮಾತು ಆಡುತ್ತಲೇ ನಾನು ಮಿಷನ್ನಿನಿಂದ ಎದ್ದುಬಿಟ್ಟೆ. ಬಸ್ಸು ತಪ್ಪಿಹೋಗುತ್ತದೇನೋ ಎನ್ನುವ ಹಾಗೆ.

ವಿಷಯ ಹೇಳಿದವಳು ಮಗಳು. ಅಮ್ಮನ ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಜೀವಕ್ಕೆ ಭಯ ಇಲ್ಲ ಅಂದಿದ್ದಾರೆ ಡಾಕ್ಟರು, ಆದರೆ ಆಮೇಲೆ ದನಿ ಇರುವುದಿಲ್ಲ.

"ಹೋದ್ರೆ ಹೋಗ್ಲಿ," ಅಂದರು ಅಕ್ಕ. "ಊರಿನವ್ರಿಗೆ ಕೂಗಿ ಕೂಗಿ ಸಾಕಾಗಿದೆ. ನನಗಿರೋದು ಒಂದೇ ಆಸೆ. ಇವಳು ಮಗು ಇದ್ದಾಗ ಒಂದು ಕಥೆ ಹೇಳಿ ಮಲಗಿಸ್ತಿದ್ದೆ. ಅದನ್ನ ಮೊಮ್ಮಗೂಗೂ ಹೇಳ್ಬೇಕು. ನನ್ನ ಬಾಯಲ್ಲೇ."

"ಫೋನಲ್ಲಿ ಮಾಡಿ ನೋಡಿದ್ವಿ," ಅಂದಳು ಮಗಳು. "ಬಸ್‌ಸ್ಟ್ಯಾಂಡ್ ಅಕ್ಕ ಬಂದ್ರು. ನನ್ನಮ್ಮ ಬರ್ಲಿಲ್ಲ."

ಅಣ್ಣ ಅವರನ್ನು ಒಳಗೆ ಕರೆದುಕೊಂಡು ಹೋದ. ಅರ್ಧ ಗಂಟೆ ಕಾಯಿಸಿದ, ಕೈಬಳೆ ತೆಗೆಸಿದ, ಮಾವನವರ ಮುಂದೆ ಕೂರಿಸಿ ನಾಲ್ಕು ಮಾತು ಆಡಿಸಿದ. ಆಮೇಲೆ ಅದನ್ನು ಅವರಿಗೇ ಕೇಳಿಸಿದ. ಅಕ್ಕ ಸ್ಪೀಕರನ್ನೇ ನೋಡುತ್ತ ಕೂತರು. ಮೂವತ್ತೊಂದು ವರ್ಷ ಅವರ ದನಿ ಅವರಿಗೆ ಕೇಳಿದ್ದು ನಿಲ್ದಾಣದ ತಗಡಿನ ಕೊಳವೆಗಳಿಂದ. ಈಗ ಪಕ್ಕದಲ್ಲಿ ಯಾರೋ ತಲೆ ಸವರಿ ಮಾತಾಡಿದ ಹಾಗಿತ್ತು.

"ಅಯ್ಯೋ, ಇದು ನಾನೇ," ಅಂದರು. ಕಣ್ಣಲ್ಲಿ ನೀರು ಬಂತು. "ನಾನು ಹೀಗಿದೀನಾ?"

"ಹೀಗೇ ಇದೀಯ ಕಣಮ್ಮ," ಅಂದಳು ಮಗಳು.

ಆದರೆ ಅಂದು ಕಥೆ ಹೇಳುವಷ್ಟು ಶಕ್ತಿ ಗಂಟಲಿಗೆ ಇರಲಿಲ್ಲ, ನಾಲ್ಕು ಮಾತಿಗೇ ಒಡೆದುಹೋಗಿತ್ತು. ಹತ್ತು ದಿನ ತುಟಿ ಪಿಟಕ್ಕೆನ್ನದೆ ಇದ್ದರೆ ಆಮೇಲೆ ಅರ್ಧ ಗಂಟೆ ಚೆನ್ನಾಗಿ ಮಾತಾಡಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಹನ್ನೊಂದನೆಯ ದಿನ ರೆಕಾರ್ಡಿಂಗ್, ಮಾರನೆಯ ದಿನವೇ ಆಸ್ಪತ್ರೆಗೆ ಸೇರುವುದು ಎಂದು ನಿಶ್ಚಯವಾಯಿತು. ಅಂದರೆ ಇರುವುದು ಒಂದೇ ದಿನ, ಅದರಲ್ಲೂ ಅರ್ಧ ಗಂಟೆ.

ಅವರು ಹೋದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಕೋಣೆಯ ಪರದೆಗಳನ್ನೆಲ್ಲ ಒಗೆದು ಹಾಕಿದೆ. ಕುರ್ಚಿಗೆ ಹೊಸ ದಿಂಬು ಹೊಲಿದೆ. ಎಲ್ಲ ಲಕ್ಷಣವಾಯಿತು, ಮಾವನವರ ಪೆಟ್ಟಿಗೆಯೊಂದನ್ನು ಬಿಟ್ಟು. ಅದು ತುಕ್ಕು ಹಿಡಿದು, ಬಣ್ಣ ಎದ್ದು, ಹಳೇ ಬಕೆಟ್ಟಿನ ಹಾಗೆ ಕೂತಿತ್ತು. ಕೊನೆಯ ಸಲ ಮಾತಾಡುವ ಹೆಂಗಸು ಅದನ್ನು ನೋಡುತ್ತ ಕೂರಬೇಕೆ? ಅಣ್ಣ ನಾಲ್ಕು ದಿನ ಸ್ನೇಹಿತನ ಮನೆಗೆ ಹೋದದ್ದೇ ತಡ, ನಾನು ಎಲೆಹಸಿರು ಬಣ್ಣದ ಡಬ್ಬಿ, ಬ್ರಶ್ಶು ತಂದೆ.

ಆ ಪೆಟ್ಟಿಗೆಯ ಒಂದು ಸ್ಕ್ರೂವನ್ನೂ ಯಾರೂ ಮುಟ್ಟಬಾರದು ಎನ್ನುವುದು ಅಣ್ಣನ ಕಟ್ಟಪ್ಪಣೆ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದಂತೆ. ನಾನು ಪ್ಲಗ್ ಕಿತ್ತು ಒಂದು ಇಡೀ ದಿನ ಬಿಟ್ಟೆ. ಆಮೇಲೆ ಮುಚ್ಚಳ ಬಿಚ್ಚಿದೆ. ಕೇಬಲ್ಲು ಸಿಕ್ಕಿಸುವ ಉರುಟು ಲೋಹದ ಸಾಕೆಟ್ಟುಗಳನ್ನೂ ಸ್ಕ್ರೂ ತೆಗೆದು ಸಡಿಲಿಸಿದೆ. ಉಪ್ಪು ಕಾಗದ ಹಾಕಿ ಉಜ್ಜಿ, ಮೂಲೆ ಸಂದಿ ಬಿಡದೆ, ತೂತಿನ ಅಂಚೂ ಬಿಡದೆ, ಒಂದರ ಮೇಲೊಂದು ಮೂರು ಕೈ ಬಣ್ಣ ಬಳಿದೆ. ಬಟ್ಟೆಯ ಒಳಹೊಲಿಗೆಯೂ ಹೊರಗಿನಷ್ಟೇ ಚೆನ್ನಾಗಿರಬೇಕು ಎನ್ನುವವಳು ನಾನು, ಪೆಟ್ಟಿಗೆಗೆ ಬೇರೆ ನ್ಯಾಯವೆ? ಒಣಗಿದ ಮೇಲೆ ಎಲ್ಲವನ್ನೂ ಇದ್ದ ಹಾಗೆಯೇ ಬಿಗಿದಿಟ್ಟೆ.

ಅಣ್ಣ ಬಂದು ನೋಡಿದ. "ಚೆನ್ನಾಗಿದೆ," ಅಂದ. ಅವನ ಬಾಯಿಂದ ಅಷ್ಟು ಬಂದರೆ ಸನ್ಮಾನ ಮಾಡಿದಂತೆ. ಆಮೇಲೆ ಕೇಳಿದ, "ಬಿಚ್ಚಿಲ್ಲ ತಾನೆ?"

"ಇಲ್ಲಪ್ಪ, ಮೇಲ್ಮೇಲೆ ಬಳ್ದೆ," ಅಂದೆ. ಸನ್ಮಾನ ಕೈತಪ್ಪಿ ಹೋಗುವುದು ನನಗೆ ಬೇಕಿರಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಹತ್ತಕ್ಕೆ ಅಕ್ಕ, ಮಗಳು ಬಂದರು. ಅಕ್ಕನ ಕೈಯಲ್ಲಿ ಮಕ್ಕಳ ಸ್ಲೇಟು, ಬಳಪ. ಹತ್ತು ದಿನದಿಂದ ಮಾತೆಲ್ಲ ಅದರಲ್ಲೇ. ನನ್ನ ಹಸಿರು ಪೆಟ್ಟಿಗೆ ನೋಡಿ, "ಹೊಸ ಬಸ್ಸಿನ ಹಾಗಿದೆ," ಎಂದು ಬರೆದು ತೋರಿಸಿದರು. ನಾನು ಉಬ್ಬಿಹೋದೆ. ಮಾವನವರು ಬೆಚ್ಚಗಾಗುವವರೆಗೆ ಎಲ್ಲರೂ ಬಾಯಿಗೆ ಬೀಗ ಹಾಕಿ ಕೂತೆವು. ಅಣ್ಣ ಗಡಿಯಾರ ನಿಲ್ಲಿಸಿದ, ಪರದೆ ಎಳೆದ, ಕೈ ಎತ್ತಿ ಇಳಿಸಿದ.

ಅಕ್ಕ ಬಾಯಿ ತೆರೆದರು. ಹತ್ತು ದಿನ ಕೂಡಿಟ್ಟ ದನಿ.

"ಪ್ರಯಾಣಿಕರ ಗಮನಕ್ಕೆ. ನಿದ್ದೆ ಊರಿಗೆ ಹೋಗೋ ಪುಟ್ಟ ಬಸ್ಸು ಈಗ ಹೊರಡ್ತಾ ಇದೆ. ಮೊದಲನೇ ನಿಲ್ದಾಣ, ಕಾಲಿನ ಹೆಬ್ಬೆರಳು. ಹೆಬ್ಬೆರಳಲ್ಲಿ ಯಾರಿದ್ದೀರಪ್ಪಾ, ಹತ್ಕೊಳ್ಳಿ..."

ಕಥೆಯೆಂದರೆ ಇದೇ. ಬಸ್ಸು ಮಗುವಿನ ಹೆಬ್ಬೆರಳಿಂದ ಹೊರಟು, ಹಿಮ್ಮಡಿ, ಮೊಣಕಾಲು, ಹೊಟ್ಟೆ, ಎದೆ, ಕೆನ್ನೆ ಎಂದು ಒಂದೊಂದೇ ನಿಲ್ದಾಣದಲ್ಲಿ ನಿಂತು, ಕೊನೆಗೆ ಕಣ್ಣಿಗೆ ಬಂದು ಸೇರುತ್ತದೆ. ಹೇಳುವವರ ಬೆರಳೂ ಮಗುವಿನ ಮೈಮೇಲೆ ಹಾಗೆಯೇ ನಡೆಯುತ್ತದೆ. ಇಲ್ಲಿ ಮಗು ಇನ್ನೂ ಹೊಟ್ಟೆಯಲ್ಲಿತ್ತು. ಅಕ್ಕನ ಬೆರಳು ಅವರದೇ ಮಡಿಲಿನ ಮೇಲೆ ಆಡುತ್ತಿತ್ತು.

ಮೊಣಕಾಲಿಗೆ ಬರುವಷ್ಟರಲ್ಲಿ ಅಣ್ಣ ಹುಬ್ಬು ಗಂಟಿಕ್ಕಿದ. ನಿಲ್ಲಿಸಿ ಎಂದು ಸನ್ನೆ ಮಾಡಿ, ರೆಕಾರ್ಡಾದದ್ದನ್ನು ಸ್ಪೀಕರಿನಲ್ಲಿ ಹಾಕಿದ. ಅಕ್ಕನ ದನಿಯ ಹಿಂದೆ ಸೊಳ್ಳೆ ಗಾತ್ರದ ಒಬ್ಬ ಗಂಡಸು ಕೂತಿದ್ದ. "ಮೊಣಕಾಲಲ್ಲಿ ಯಾರಿದ್ದೀರಪ್ಪಾ," ಎಂದು ಅಕ್ಕ ಕೇಳಿದರೆ, "ಇಂದೇ ಬನ್ನಿ! ಒಂದು ಹಾಸಿಗೆ ಕೊಂಡರೆ ಎರಡು ದಿಂಬು ಉಚಿತ!" ಎನ್ನುತ್ತಿದ್ದ.

ಎರಡು ಬೀದಿ ಆಚೆ ರೇಡಿಯೋ ನಿಲ್ದಾಣದ ಎತ್ತರದ ಕಂಬವಿದೆ. ಅವರ ಕಾರ್ಯಕ್ರಮ ನಮ್ಮ ಮಾವನವರ ಹೊಟ್ಟೆ ಹೊಕ್ಕಿತ್ತು.

ಅಣ್ಣ ಪರದೆ ಸರಿಸಿ ಮುಂದಿನ ಕೋಣೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದ. ನನಗೆ ಪಿತ್ತ ನೆತ್ತಿಗೇರಿತು.

"ನನ್ ಮಿಷನ್ ಕಡೆ ನೋಡ್ಬೇಡ! ಬೆಳಗ್ಗೇನೇ ಪ್ಲಗ್ ಕಿತ್ತಿಟ್ಟಿದೀನಿ. ನನ್ ಮಿಷನ್ ಹಾಸಿಗೆ ಮಾರತ್ತಾ?"

"ನಾನೇನೂ ಅನ್ನಲಿಲ್ವಲ್ಲೇ."

"ಕಣ್ಣಲ್ಲೇ ಅಂದೆ. ಇವತ್ತು ಇದು ನನ್ನಿಂದ ಆಗಿದ್ರೆ, ಇನ್ಮೇಲೆ ನೀನು ರೆಕಾರ್ಡಿಂಗ್ ಮಾಡೋ ದಿನ ಮಿಷನ್ನಿಗೆ ಕೈ ಹಚ್ಚಲ್ಲ, ತಿಳ್ಕೊ."

ಅಣ್ಣ ಕಾರಣ ಹುಡುಕಲು ಎದ್ದ. ಅವನ ಕೆಲಸದ ರೀತಿಯೇ ಬೇರೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಕಣ್ಣು ಮುಚ್ಚಿ ಕೇಳುವುದು. ಫ್ರಿಜ್ಜು ಆರಿಸಿದ, ಕೇಳಿದ. ಫ್ಯಾನು, ಕೇಳಿದ. ಟ್ಯೂಬ್‌ಲೈಟು, ಕೇಳಿದ. ಹಾಸಿಗೆಯವನು ಹೋಗಿ ಯಾರೋ ಟ್ರಾಫಿಕ್ ಸುದ್ದಿ ಹೇಳುವವಳು ಬಂದಳು. ಅಣ್ಣ ಡ್ರಾಯರಿನಿಂದ ಬಳೆಯಂಥ ದಪ್ಪ ಕಪ್ಪು ಉಂಗುರ ತೆಗೆದು ಕೇಬಲ್ಲಿಗೆ ತೊಡಿಸಿದ. ರೇಡಿಯೋ ತರಂಗಗಳನ್ನು ಹೀರಿಕೊಳ್ಳುವ ವಸ್ತು ಅದು. ಟ್ರಾಫಿಕ್ಕಿನವಳ ದನಿ ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಅಕ್ಕ ಸ್ಲೇಟಿನಲ್ಲಿ ಬರೆದು ತೋರಿಸಿದರು: "ಈ ಹುಡುಗಿ ಊರಿನ ಹೆಸರುಗಳನ್ನು ನುಂಗುತ್ತಾಳೆ. ನಮ್ಮಲ್ಲಾಗಿದ್ದರೆ ಜನ ಬೇರೆ ಬಸ್ಸು ಹತ್ತುತ್ತಿದ್ದರು." ಆ ಗಾಬರಿಯಲ್ಲೂ ನಗು ಬಂತು.

ಇಷ್ಟು ಕಡಿಮೆಯಾದರೆ ಸಾಕೇನೋ, ಒಮ್ಮೆ ನೋಡೋಣ ಎಂದು ಅಣ್ಣ ಎರಡನೇ ಸಲ ಕೈ ಇಳಿಸಿದ. ಅಕ್ಕ ಮತ್ತೆ ಹೆಬ್ಬೆರಳಿಂದ ಹೊರಟರು. ಹೊಟ್ಟೆಯ ನಿಲ್ದಾಣದಲ್ಲಿ ರೇಡಿಯೋದವರು ಹಾಡು ಹಾಕಿಬಿಟ್ಟರು. ಅದೇ ಹೊತ್ತಿಗೆ ಅಕ್ಕನ ದನಿ ಹರಿಯಿತು. ಬಟ್ಟೆ ಹರಿಯುವಾಗ ನೂಲು ಒಂದೊಂದೇ ಕಿತ್ತು ಬರುತ್ತದಲ್ಲ, ಹಾಗೆ. ಅವರು ಗಂಟಲು ಹಿಡಿದುಕೊಂಡರು. ಮಗಳು ಬಿಸಿನೀರು ಕುಡಿಸಿದಳು.

"ಇನ್ನೊಂದು ಸಲ ಆಗ್ಬಹುದು," ಅಂದಳು ನಮ್ಮನ್ನು ನೋಡಿ. "ಅದಕ್ಕಿಂತ ಹೆಚ್ಚು ಆಗಲ್ಲ."

"ಬೇರೆ ಮೈಕ್ ಇದೆ," ಅಂದ ಅಣ್ಣ. "ಅದ್ರಲ್ಲಿ ರೇಡಿಯೋ ಬರಲ್ಲ. ಆದ್ರೆ ಫೋನಿಗಿಂತ ಸ್ವಲ್ಪ ಮೇಲು, ಅಷ್ಟೇ."

ಅಕ್ಕ ತಲೆ ಅಲ್ಲಾಡಿಸಿ ಸ್ಲೇಟಿನಲ್ಲಿ ಬರೆದರು: "ಆ ದಿನ ಕೇಳಿದೆನಲ್ಲ, ಆ ನಾನೇ ಬೇಕು."

ಅಣ್ಣ ತಲೆಯ ಮೇಲೆ ಕೈ ಹೊತ್ತು ನಿಂತ. ಅವನನ್ನು ಹಾಗೆ ನೋಡಿದ್ದು ನಾನು ಅದೇ ಮೊದಲು. "ಆ ಕಂಬ ಇಪ್ಪತ್ತು ವರ್ಷದಿಂದ ಅಲ್ಲೇ ಇದೆ," ಅಂದ. "ಇಪ್ಪತ್ತು ವರ್ಷ ಬರ್ದೇ ಇದ್ದದ್ದು ಈಗ್ಯಾಕೆ ಬಂತು? ಹೋದ ಸಲ ಇವ್ರು ಬಂದಾಗ್ಲೂ ಇರ್ಲಿಲ್ಲ. ಏನು ಬದಲಾಯ್ತು?" ಆಮೇಲೆ ನನಗೆ, "ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ತಾ. ಕೇಬಲ್ಲಿಗೆ ಸುತ್ತಿ ನೋಡೋಣ," ಎಂದು ಹೇಳಿ, ಮೇಜಿನ ಕೆಳಗೆ ಹೊಕ್ಕು ಗೋಡೆಯ ಪ್ಲಗ್ಗು ಪರೀಕ್ಷಿಸತೊಡಗಿದ.

ನಾನು ಹಾಳೆ ತಂದೆ, ಕತ್ತರಿಸಲು ನನ್ನ ದೊಡ್ಡ ಕತ್ತರಿಯನ್ನೂ ತಂದೆ. ಸ್ಪೀಕರಿನಲ್ಲಿ ಹಾಡು ಸಣ್ಣಗೆ ನಡೆದೇ ಇತ್ತು. ಎರಡು ಪಟ್ಟಿ ಕತ್ತರಿಸಿ, ಕತ್ತರಿಯನ್ನು ಹಸಿರು ಪೆಟ್ಟಿಗೆಯ ಮೇಲೆ ಒರಗಿಸಿಟ್ಟೆ.

ಹಾಡು ನಿಂತಿತು.

"ಏನ್ ಮಾಡ್ದೆ?" ಎಂದು ಮೇಜಿನ ಕೆಳಗಿಂದ ಅಣ್ಣ ಕೂಗಿದ.

"ಏನಿಲ್ಲ," ಅಂದೆ. ಕತ್ತರಿ ಎತ್ತಿದೆ. ಹಾಡು ಬಂತು. ಇಟ್ಟೆ, ನಿಂತಿತು. ಬಗ್ಗಿ ನೋಡಿದೆ. ಕತ್ತರಿಯ ಒಂದು ತುದಿ ಕೇಬಲ್ಲಿನ ಸಾಕೆಟ್ಟಿಗೆ ತಾಗಿತ್ತು. ಇನ್ನೊಂದು ಕಡೆ ಪೆಟ್ಟಿಗೆಯ ಅರ್ಥಿಂಗ್ ಸ್ಕ್ರೂವಿನ ತಲೆಗೆ ತಾಗಿತ್ತು. ಅದೊಂದಕ್ಕೆ ಮಾತ್ರ ನಾನು ಬಣ್ಣ ಬಳಿದಿರಲಿಲ್ಲ.

ಇಷ್ಟು ವರ್ಷ ಅಣ್ಣನ ಮಾತು ಕೇಳಿ ಕೇಳಿ ನನಗೂ ಅಷ್ಟಿಷ್ಟು ಗೊತ್ತು. ಆ ಕೇಬಲ್ಲಿನ ಸುತ್ತ ತಾಮ್ರದ ಬಲೆಯಿರುತ್ತದೆ, ರೇಡಿಯೋ ತರಂಗ ಬಂದರೆ ಅದು ಹಿಡಿದು, ಸಾಕೆಟ್ಟಿನ ಮೂಲಕ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ನೆಲಕ್ಕೆ ಕಳಿಸುತ್ತದೆ. ಲೋಹಕ್ಕೆ ಲೋಹ ತಾಗಿರಬೇಕು, ಅಷ್ಟೇ ಅದಕ್ಕೆ ಬೇಕಾದದ್ದು. ಈಗ ಸಾಕೆಟ್ಟಿಗೂ ಪೆಟ್ಟಿಗೆಗೂ ನಡುವೆ ಮೂರು ಕೈ ಎಲೆಹಸಿರು ಬಣ್ಣ ಕೂತಿತ್ತು. ಕಾವಲಿಗಿದ್ದ ಬಲೆಯೇ ಈಗ ರೇಡಿಯೋ ಹಿಡಿಯುವ ಏರಿಯಲ್ಲಾಗಿತ್ತು. ನಾನು ಸೋಮಾರಿಯಂತೆ ಮೇಲ್ಮೇಲೆ ಬಳಿದಿದ್ದರೆ ಏನೂ ಆಗುತ್ತಿರಲಿಲ್ಲ. ಅಚ್ಚುಕಟ್ಟಾಗಿ ಮಾಡಿದ್ದೇ ತಪ್ಪಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ನಾವು ಫ್ರಿಜ್ಜು, ಫ್ಯಾನು ಆರಿಸುತ್ತ ಕೂತಿದ್ದೆವು.

ನಿಜ ಹೇಳುತ್ತೇನೆ, ಒಂದು ಕ್ಷಣ ಕೆಟ್ಟ ಯೋಚನೆ ಬಂತು. ಕತ್ತರಿಯನ್ನು ಹೀಗೇ ಒತ್ತಿ ಹಿಡಿದು ನಿಂತರೆ ಸಾಕಲ್ಲ? ಅಕ್ಕನ ಕಥೆಯೂ ಮುಗಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಆಮೇಲೆ ಯಾವಾಗಲಾದರೂ ಗುಟ್ಟಾಗಿ ಬಣ್ಣ ಕೆರೆದರಾಯಿತು. ತಲೆ ಎತ್ತಿದೆ. ಅಕ್ಕ ಕಣ್ಣು ಮುಚ್ಚಿ, ಗಂಟಲ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಒಳಗೆ ಉಳಿದದ್ದು ಎಷ್ಟಿದೆ ಎಂದು ಮುಟ್ಟಿ ನೋಡುವವರ ಹಾಗೆ. ನನ್ನ ಕೈ ಒಂದು ಕೂದಲೆಳೆ ಅಲುಗಿದರೆ ಅದೂ ಹೋಯಿತು.

"ಅಣ್ಣಾ," ಅಂದೆ, "ನಾನು ಬಿಚ್ಚಿದ್ದೆ."

ಅವನು ಮೇಜಿನ ಕೆಳಗಿಂದ ಹೊರಬಂದ. "ಏನು ಬಿಚ್ಚಿದ್ದೆ?"

"ಪೆಟ್ಟಿಗೆ. ಸಾಕೆಟ್ಟು ಎಲ್ಲ. ಕೆಳಗೂ ಬಣ್ಣ ಬಳ್ದಿದೀನಿ. ಮೂರು ಕೈ. ನೀನು ಕೇಳ್ದಾಗ ಸುಳ್ಳು ಹೇಳ್ದೆ." ಕತ್ತರಿ ಎತ್ತಿ ಇಟ್ಟು ತೋರಿಸಿದೆ. ಅವನಿಗೆ ಮತ್ತೇನೂ ಹೇಳಬೇಕಾಗಲಿಲ್ಲ.

ಬೈಯುತ್ತಾನೆ ಎಂದು ಕಾದೆ. ಅವನು ಪೆಟ್ಟಿಗೆಯನ್ನು ನೋಡಲೇ ಇಲ್ಲ, ನನ್ನ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದ.

"ಶಾಕ್ ಹೊಡೆದಿದ್ರೆ?" ಅಂದ. "ಒಳಗೆ ಕರೆಂಟ್ ಉಳಿದಿರತ್ತೆ ಅಂತ ನಾನು ಬಾಯಿ ಬಡ್ಕೊಂಡಿದ್ದು ಯಾರಿಗೆ? ಮನೇಲಿ ನಾನೂ ಇರ್ಲಿಲ್ಲ. ಬಿದ್ದಿದ್ರೆ ಯಾರು ನೋಡೋರು?"

"ಒಂದು ದಿನ ಬಿಟ್ಟು ಬಿಚ್ಚಿದೆ."

"ಬುದ್ಧಿವಂತೆ," ಅಂದ. ಸಿಟ್ಟೋ ಹೊಗಳಿಕೆಯೋ ತಿಳಿಯಲಿಲ್ಲ. ಇಷ್ಟು ವರ್ಷ ಈ ಮನುಷ್ಯನಿಗೆ ಮಾವನವರ ಮೇಲಿರುವ ಪ್ರೀತಿ ನನ್ನ ಮೇಲಿಲ್ಲ ಎಂದು ತಮಾಷೆಗೆ ಹೇಳುತ್ತಿದ್ದೆ, ಒಳಗೊಳಗೆ ನಂಬಿಯೂ ಇದ್ದೆ.

ಆಮೇಲೆ ಇಬ್ಬರೂ ಕೆಲಸಕ್ಕೆ ಕೂತೆವು. ಅವನು ಕರೆಂಟು ತೆಗೆದು, ಒಳಗೆ ಉಳಿದದ್ದನ್ನು ಇಳಿಸಿ, ಮೀಟರು ಹಿಡಿದು ಖಾತ್ರಿ ಮಾಡಿಕೊಂಡು ಸ್ಕ್ರೂಗಳನ್ನು ಬಿಚ್ಚಿಕೊಟ್ಟ. ನಾನು ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಸಾಕೆಟ್ಟು ಕೂರುವ ಜಾಗವನ್ನೂ, ಮುಚ್ಚಳದ ಅಂಚನ್ನೂ ಹೊಳೆಯುವವರೆಗೆ ಕೆರೆದೆ. ಮೂರು ಕೈ ಬಣ್ಣ ಅಷ್ಟು ಸುಲಭಕ್ಕೆ ಬರುತ್ತದೆಯೇ? ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಅಣ್ಣ ಪಕ್ಕದಲ್ಲಿ ಕೂತು, "ಕೆಲಸ ಮಾತ್ರ ಅಚ್ಚುಕಟ್ಟು," ಅಂದ. ಅಕ್ಕ ಸ್ಲೇಟು ಎತ್ತಿ ಹಿಡಿದರು: "ನಮ್ಮಲ್ಲೂ ಒಮ್ಮೆ ಹೊಸ ಬಣ್ಣ ಹೊಡೆದು ಬಸ್ಸಿನ ಬಾಗಿಲು ಅಂಟಿಹೋಗಿತ್ತು."

ಎಲ್ಲ ಬಿಗಿದು, ಮತ್ತೆ ಅರ್ಧ ಗಂಟೆ ಮಾವನವರನ್ನು ಬೆಚ್ಚಗೆ ಮಾಡಿದೆವು. ಅಣ್ಣ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹುಬ್ಬಿನ ಗಂಟು ನಿಧಾನವಾಗಿ ಬಿಚ್ಚಿಕೊಂಡಿತು. ನನ್ನ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಅವನು ಕೈ ಇಳಿಸಿದ.

ಬಸ್ಸು ಹೆಬ್ಬೆರಳಿಂದ ಹೊರಟಿತು. ಹಿಮ್ಮಡಿ ದಾಟಿತು, ಮೊಣಕಾಲು ದಾಟಿತು, ಹೊಟ್ಟೆಯಲ್ಲಿ ನಿಂತು "ಇಲ್ಲಿ ತುಂಬಾ ಜನ, ಸ್ವಲ್ಪ ಒಳಗೆ ಸರೀರಿ" ಎಂದಿತು. ಮಗಳು ತನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಅಲುಗದೆ ಕೂತಿದ್ದಳು. ಎದೆಯ ನಿಲ್ದಾಣದಲ್ಲಿ ದನಿ ಒಮ್ಮೆ ಜಾರಿತು. ಅಕ್ಕ ನಿಂತರು. ಉದ್ದಕ್ಕೆ ಒಂದು ಉಸಿರು ಎಳೆದುಕೊಂಡು ಅಲ್ಲಿಂದಲೇ ಮುಂದೆ ಹೋದರು. ಬರುಬರುತ್ತ ದನಿ ಸಣ್ಣದಾಯಿತು, ಆದರೆ ಅದು ಮಗು ನಿದ್ದೆಗೆ ಜಾರುವ ಹೊತ್ತಿಗೆ ಸರಿಯಾಗಿಯೇ ಇತ್ತು.

"ಕೊನೆಯ ನಿಲ್ದಾಣ, ಕಣ್ಣು. ದೀಪ ಆರಿಸ್ತಾ ಇದೀವಿ. ಎಲ್ಲರೂ ನಿಧಾನವಾಗಿ ಇಳೀರಿ. ನಿಮ್ಮ ಅಜ್ಜಿ ಇಲ್ಲೇ ಇದ್ದಾಳೆ."

ಅಣ್ಣ ಮತ್ತೆ ಕೈ ಎತ್ತಿ, ಹತ್ತು ಎಣಿಸುವವರೆಗೆ ಹಾಗೇ ಹಿಡಿದಿದ್ದ. ಹಿಂದೆ ಹಾಸಿಗೆ ಮಾರುವವನಿರಲಿಲ್ಲ, ಟ್ರಾಫಿಕ್ಕಿನವಳಿರಲಿಲ್ಲ. ಕೈ ಇಳಿಸಿದ ಮೇಲೆ ಅಕ್ಕ ಬಳಪ ತೆಗೆದು, "ಎಲ್ಲರೂ ಇಳಿದರಾ?" ಎಂದು ಬರೆದರು. ನಾನು ಅತ್ತುಬಿಟ್ಟೆ. ಮಗಳು ಅಳಲಿಲ್ಲ, ಅಮ್ಮನ ಮಫ್ಲರ್ ಸರಿಮಾಡಿ ಬಿಸಿನೀರಿನ ಲೋಟ ಕೊಟ್ಟಳು.

ಇದಾಗಿ ಆರು ತಿಂಗಳಿಗೆ ಅಕ್ಕನ ಮನೆಯಿಂದ ಕರೆ ಬಂತು. ಹೋದೆವು. ಮಗುವಿಗೆ ನಾಲ್ಕು ತಿಂಗಳು, ಹೆಣ್ಣು, ಕೆನ್ನೆ ಕೆಳಗೆ ಜೋಲುವಷ್ಟು ಪುಷ್ಟಿ. ಅಕ್ಕನ ಕುತ್ತಿಗೆಗೆ ತೆಳು ಬಟ್ಟೆಯ ಪಟ್ಟಿ, ಅದನ್ನು ಹೊಲಿದುಕೊಟ್ಟವಳು ನಾನೇ. ರೆಕಾರ್ಡಿಂಗ್ ಇಲ್ಲದ ದಿನ ನೋಡಿಕೊಂಡೇ ಹೊಲಿದೆ, ಆಡಿದ ಮಾತು ಆಡಿದ್ದೇ. ಮೈ ಸ್ವಲ್ಪ ತುಂಬಿಕೊಂಡಿದ್ದರು. ನನ್ನನ್ನು ನೋಡಿ ನಕ್ಕರು. ಶಬ್ದವಿಲ್ಲದ ನಗುವಾದರೂ ಹೊಟ್ಟೆ ಕುಣಿಯುವಂಥ ನಗು.

ಮಗುವನ್ನು ಮಲಗಿಸುವ ಹೊತ್ತಾಯಿತು. ಮಗಳು ಕಪಾಟಿನ ಮೇಲಿದ್ದ ಪ್ಲೇಯರಿನ ಗುಂಡಿ ಒತ್ತಿದಳು. "ಪ್ರಯಾಣಿಕರ ಗಮನಕ್ಕೆ," ಎಂದು ಅಕ್ಕನ ದನಿ ಕೋಣೆ ತುಂಬಿತು. ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತುಟಿ ಆಡಿಸತೊಡಗಿದರು. ದನಿಗೆ ಸರಿಯಾಗಿ, ಒಂದು ಅಕ್ಷರ ಹಿಂದು ಮುಂದಿಲ್ಲದೆ. ಬೆರಳು ಹೆಬ್ಬೆರಳಿಂದ ಹೊರಟು ಮೊಣಕಾಲಿಗೆ, ಹೊಟ್ಟೆಗೆ ನಡೆಯಿತು. ಎದೆಯ ನಿಲ್ದಾಣದಲ್ಲಿ ಆ ದಿನ ದನಿ ಜಾರಿತ್ತಲ್ಲ, ಅಲ್ಲಿ ಅವರೂ ನಿಂತರು. ಅವತ್ತಿನ ಆ ಉದ್ದನೆಯ ಉಸಿರನ್ನು ಇವತ್ತು ಬಾಯಗಲಿಸಿ, ಭುಜ ಎತ್ತಿ ಮಗುವಿಗೆ ತೋರಿಸಿದರು. ಆ ಉಸಿರನ್ನೂ ಬಿಡದೆ ಹಿಡಿದಿಟ್ಟಿದ್ದರು ಮಾವನವರು.

ಅಣ್ಣ ನನ್ನ ಮೊಣಕೈ ತಿವಿದ. "ಮಗು ನೋಡು," ಅಂದ.

ಮಗು ಪ್ಲೇಯರ್ ಕಡೆ ತಿರುಗಲೇ ಇಲ್ಲ. ಅಜ್ಜಿಯ ಬಾಯನ್ನೇ ನೋಡುತ್ತಿತ್ತು. "ನಿಮ್ಮ ಅಜ್ಜಿ ಇಲ್ಲೇ ಇದ್ದಾಳೆ," ಎಂದು ದನಿ ಹೇಳಿದಾಗ ಪುಟ್ಟ ಕೈ ಮೇಲಕ್ಕೆ ಚಾಚಿ, ಆಡುತ್ತಿದ್ದ ಆ ತುಟಿಗಳ ಮೇಲೆ ಇಟ್ಟು, ಹಾಗೇ ಕಣ್ಣು ಮುಚ್ಚಿತು.